ಈ ಎಚ್‌ಎಂಟಿ ಯಾವ ಮಾದರಿಯದು?

ಹಳೆಯ ಎಚ್‌ಎಂಟಿ ಕೈಗಡಿಯಾರವೊಂದು ಕೈಗೆ ಸಿಕ್ಕಾಗ ಎಲ್ಲರೂ ಮೊದಲು ಓದುವುದು ಡಯಲ್ ಮೇಲಿನ ಹೆಸರನ್ನು: ಜನತಾ, ಪೈಲಟ್, ಸೋನಾ, ಕೊಹಿನೂರ್. ಮಾದರಿ ಗೊತ್ತಾಯಿತು, ಇನ್ನು ನೋಡುವುದೇನಿದೆ ಎಂದು ಅನಿಸುವುದು ಸಹಜ. ಆದರೆ ಇಡೀ ಗಡಿಯಾರದಲ್ಲಿ ಅತಿ ಸುಲಭವಾಗಿ ಬದಲಾಯಿಸಬಹುದಾದ, ಬಣ್ಣ ಬಳಿದು ಮತ್ತೆ ಅಚ್ಚು ಹಾಕಬಹುದಾದ ಭಾಗವೂ ಡಯಲೇ ಆಗಿರುವುದರಿಂದ, ಆ ಹೆಸರನ್ನು ನಂಬುವ ಮುನ್ನ ಉಳಿದ ಭಾಗಗಳೂ ಅದಕ್ಕೆ ಹೊಂದುತ್ತವೆಯೇ ಎಂದು ನೋಡಲೇಬೇಕು.

1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದೊಂದಿಗೆ ಬೆಂಗಳೂರಿನಲ್ಲಿ ಎಚ್‌ಎಂಟಿಯ ಗಡಿಯಾರ ಕಾರ್ಖಾನೆ ಆರಂಭವಾಯಿತು. ಮೊದಲ ವರ್ಷಗಳ ಕೆಲವು ಡಯಲ್‌ಗಳಲ್ಲಿ ಸಿಟಿಜನ್ ಹೆಸರೂ ಕಾಣುತ್ತದೆ. ಒಂದೇ ಯಂತ್ರವನ್ನು ಹಲವು ಹೆಸರಿನ ಗಡಿಯಾರಗಳಿಗೆ ಕೂರಿಸುವುದು ಕಾರ್ಖಾನೆಗಳ ರೂಢಿ. ಜನತಾ, ಪೈಲಟ್ ಎರಡರಲ್ಲೂ ಸಾಮಾನ್ಯವಾಗಿ ಇರುವುದು ದಿನಕ್ಕೊಮ್ಮೆ ಕೀ ಕೊಡಬೇಕಾದ, 17 ಹರಳುಗಳ ಯಂತ್ರ. ಹಾಗಾಗಿ ಹಿಂಬದಿಯ ಮುಚ್ಚಳ ತೆಗೆದು ಯಂತ್ರವನ್ನು ನೋಡಿದರೆ ಒಂದು ಮಾದರಿಯನ್ನು ತಳ್ಳಿಹಾಕಬಹುದೇ ಹೊರತು ಇಂಥದ್ದೇ ಎಂದು ಸಾಧಿಸಲು ಅದೊಂದೇ ಸಾಲದು. ಡಯಲ್ ಮೇಲೆ ಜನತಾ ಎಂದಿದ್ದು ಒಳಗೆ ಕೈ ಅಲುಗಿದಾಗ ತಿರುಗಿ ತಾನೇ ಕೀ ಕೊಟ್ಟುಕೊಳ್ಳುವ ಆಟೊಮ್ಯಾಟಿಕ್ ಯಂತ್ರವಿದ್ದರೆ, ಎರಡರಲ್ಲೊಂದು ಬೇರೆಡೆಯಿಂದ ಬಂದದ್ದು ಖಚಿತ.

ಹರಳುಗಳು ಅಲಂಕಾರಕ್ಕಲ್ಲ. ಅವು ಕೃತಕ ಮಾಣಿಕ್ಯಗಳು, ಅಂದರೆ ಕ್ರೋಮಿಯಂ ಬೆರೆತ ಅಲ್ಯೂಮಿನಿಯಂ ಆಕ್ಸೈಡ್. ಉಕ್ಕಿನ ಅಚ್ಚು ತಿರುಗುವ ತೂತಿಗೆ ಈ ಗಟ್ಟಿ ಕಲ್ಲನ್ನು ಕೂರಿಸಿದರೆ ಘರ್ಷಣೆಯೂ ಸವೆತವೂ ತಗ್ಗುತ್ತವೆ. ಮಾಮೂಲಿ 17 ಹರಳಿನ ಯಂತ್ರದಲ್ಲಿ ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರದ ಅಚ್ಚಿನ ತುದಿಗಳಿಗೆ ನಾಲ್ಕು, ಅದರ ಕೆಳಗೆ ಪೆಟ್ಟು ತೆಗೆದುಕೊಳ್ಳುವ ಒಂದು, ಚಕ್ರಗಳ ಓಟವನ್ನು ಹಿಡಿದು ಹಿಡಿದು ಬಿಡುವ ಪ್ಯಾಲೆಟ್ ಕವೆಯ ಎರಡು ಕೊಂಬುಗಳಲ್ಲಿ ಎರಡು, ಆ ಕವೆಯ ಅಚ್ಚಿಗೆ ಎರಡು, ಉಳಿದ ನಾಲ್ಕು ಚಕ್ರಗಳ ಅಚ್ಚುಗಳಿಗೆ ತಲಾ ಎರಡು ಹರಳುಗಳಿರುತ್ತವೆ. ಜನತಾದ ಯಂತ್ರ ಗಂಟೆಗೆ 18,000 ಬಾರಿ, ಅಂದರೆ ಸೆಕೆಂಡಿಗೆ ಐದು ಬಾರಿ ಮಿಡಿಯುತ್ತದೆ. ಸೆಕೆಂಡಿಗೆ ಆರು ಬಾರಿ ಮಿಡಿಯುವ ಯಂತ್ರಗಳೂ ಹಲವಿರುವುದರಿಂದ, ಮೊಬೈಲ್‌ನಲ್ಲಿ ಸದ್ದನ್ನು ರೆಕಾರ್ಡ್ ಮಾಡಿ ಎಣಿಸಿದರೆ ಮುಚ್ಚಳ ತೆರೆಯದೆಯೂ ಒಂದು ಸಾಕ್ಷ್ಯ ಸಿಕ್ಕಂತಾಗುತ್ತದೆ.

ಒಂದು ಸಾಕ್ಷ್ಯವನ್ನು ಇನ್ನೊಂದರ ಜೊತೆ ಇಟ್ಟು ನೋಡುವುದೇ ಈ ವಿದ್ಯೆಯ ಜೀವಾಳ. ಉದಾಹರಣೆಗೆ, 1960ರ ದಶಕದ ಕೊನೆಯ ಮತ್ತು 1970ರ ದಶಕದ ಜಪಾನಿನ ಸೀಕೊ ಗಡಿಯಾರಗಳ ಕ್ರಮಸಂಖ್ಯೆಯಲ್ಲಿ ಮೊದಲ ಅಂಕಿ ವರ್ಷದ ಕೊನೆಯ ಅಂಕಿಯನ್ನೂ ಎರಡನೆಯದು ತಿಂಗಳನ್ನೂ ಸೂಚಿಸುತ್ತದೆ. ಸಂಖ್ಯೆ 73 ಎಂದು ಆರಂಭವಾದರೆ ಅದು ಮಾರ್ಚ್ ತಿಂಗಳು, ಆದರೆ 1967ರದೋ 1977ರದೋ ತಿಳಿಯದು. ಮುಚ್ಚಳದ ಮೇಲೆ ಯಂತ್ರದ ಸಂಖ್ಯೆ 6139 ಎಂದಿದ್ದರೆ, ಆ ಯಂತ್ರ ಬಂದದ್ದೇ 1969ರಲ್ಲಿ ಆದ್ದರಿಂದ, 1967 ತಾನಾಗಿ ಬಿಟ್ಟುಹೋಗುತ್ತದೆ.

ನನ್ನ ಬಳಿ ಕಪ್ಪು ಡಯಲ್‌ನ ಪೈಲಟ್ ಒಂದಿದೆ. ಹತ್ತು ಪಟ್ಟು ದೊಡ್ಡದಾಗಿಸುವ ಮಸೂರದಲ್ಲಿ ನೋಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಅಕ್ಷರಗಳ ಅಂಚು. ಕಾರ್ಖಾನೆಯ ಅಚ್ಚಿನಲ್ಲಿ ಗೆರೆ ಬ್ಲೇಡಿನಿಂದ ಕೊಯ್ದಂತೆ ಚೊಕ್ಕಟವಾಗಿರುತ್ತದೆ; ಇಲ್ಲಿ ಬಣ್ಣ ಒದ್ದೆ ಕಾಗದದ ಮೇಲಿನ ಶಾಯಿಯಂತೆ ಹರಡಿತ್ತು. ಹನ್ನೆರಡರ ನೇರಕ್ಕೆ ಇರಬೇಕಾದ ನಿಮಿಷದ ಗೆರೆ ಕೂದಲೆಳೆಯಷ್ಟು ಬಲಕ್ಕೆ ಸರಿದಿತ್ತು. ಮುಳ್ಳುಗಳಲ್ಲಿನ ಹೊಳೆಯುವ ಬಣ್ಣ ಕಂದಾಗಿದ್ದರೆ ಅಂಕಿಗಳದ್ದು ಮಾತ್ರ ನಿನ್ನೆ ಬಳಿದಂತೆ ಬಿಳುಪಾಗಿತ್ತು. ಜೊತೆಯಲ್ಲೇ ಹುಟ್ಟಿ ಅಷ್ಟೇ ಬಿಸಿಲು ಕಂಡ ಬಣ್ಣಗಳು ಇಷ್ಟು ಬೇರೆ ಬೇರೆಯಾಗಿ ಮುಪ್ಪಾಗುವುದಿಲ್ಲ.

ಮುಳ್ಳುಗಳನ್ನು ಕಳಚಿ ಡಯಲ್ ಎತ್ತಿದೆವು. ಅದನ್ನು ಯಂತ್ರಕ್ಕೆ ಹಿಡಿದಿಡುವ, ಹಿಂಬದಿಯ ಎರಡು ಪುಟ್ಟ ಕಾಲುಗಳು ಮೂಲ ಜಾಗದಲ್ಲೇ ಗಟ್ಟಿಯಾಗಿದ್ದವು. ಬೇರೆ ಯಂತ್ರದ ಡಯಲ್ ತಂದು ಕೂರಿಸುವವರು ಇವನ್ನು ಕತ್ತರಿಸಿ ಅಂಟು ಹಾಕುವುದುಂಟು, ಇಲ್ಲಿ ಹಾಗಾಗಿರಲಿಲ್ಲ. ಆದರೆ ಮುಳ್ಳುಗಳ ಅಚ್ಚು ಹಾಯುವ ನಡುವಿನ ತೂತಿನ ಅಂಚಿನಲ್ಲಿಯೂ ಕೇಸಿನ ಒಳಗೆ ಮರೆಯಾಗಿದ್ದ ಹೊರಸುತ್ತಿನಲ್ಲಿಯೂ ಕಪ್ಪಿನ ಕೆಳಗೆ ತೆಳುವಾದ ಬಿಳಿ ಪದರವಿತ್ತು. ಅಂದರೆ ಲೋಹದ ತಟ್ಟೆ ಈ ಯಂತ್ರಕ್ಕೆ ಹೊಂದುವಂಥದ್ದೇ, ಆದರೆ ಕಾರ್ಖಾನೆಯಿಂದ ಹೊರಬಂದಾಗ ಅದು ಕಪ್ಪಾಗಿರಲಿಲ್ಲ.

ಅದು ಬಿಳಿಯ ಜನತಾ ಆಗಿತ್ತೆಂದು ಹೇಳಲು ಮನಸ್ಸು ತುಡಿಯುತ್ತದೆ. ಅಷ್ಟು ದೂರ ಹೋಗಲು ಸಾಕ್ಷ್ಯವಿಲ್ಲ, ಏಕೆಂದರೆ ಬಿಳಿ ಡಯಲ್‌ನ ಮಾದರಿಗಳು ಹಲವು ಮತ್ತು ಹಳೆಯ ಅಕ್ಷರಗಳನ್ನು ಬಣ್ಣ ಬಳಿದವರು ಉಜ್ಜಿ ತೆಗೆದಿದ್ದಾರೆ. ಸವೆದು ಹಳದಿಯಾದ ಡಯಲ್ ಇರುವವರು ಅದನ್ನು ಹೊಸದಾಗಿಸಲು ದಯವಿಟ್ಟು ಕೊಡಬಾರದೆಂದು ನಾನು ಕೇಳಿಕೊಳ್ಳುವುದು ಇದೇ ಕಾರಣಕ್ಕೆ. ನನ್ನ ಗಡಿಯಾರದ ಡಬ್ಬಿಯೊಳಗೆ ಈಗ ಒಂದು ಚೀಟಿಯಿದೆ: "ಎಚ್‌ಎಂಟಿ, ಕೀ ಕೊಡುವ 17 ಹರಳಿನ ಯಂತ್ರ, ಮೂಲ ಡಯಲ್ ಬಿಳಿ, ಪೈಲಟ್ ಎಂಬ ಬರಹ ಆಮೇಲಿನದು, ಮಾದರಿ ನಿರ್ಧಾರವಾಗಿಲ್ಲ."