ಎಲೆಗೆ ಹಳದಿ ಬಳಿಯುವವರು ಯಾರೂ ಇಲ್ಲ

ಶಿವರಾತ್ರಿ ಹತ್ತಿರ ಬಂತೆಂದರೆ ಬಾಗಲಕೋಟೆ ಸುತ್ತಿನ ಶಾಲೆಗಳಲ್ಲಿ ಒಂದೇ ಉತ್ತರ ಕೇಳಿ ಕೇಳಿ ನನಗೆ ಸಾಕಾಗುತ್ತದೆ. ಎಲೆ ಯಾಕೆ ಹಳದಿ ಆಯ್ತು ಅಂತ ಕೇಳಿ ನೋಡಿ. ಇಡೀ ಕ್ಲಾಸು ಒಂದೇ ದನಿಯಲ್ಲಿ, "ಎಲಿಗೆ ಹಳದಿ ಬಣ್ಣ ಬರ್ತದ್ರೀ ಸರ್" ಅನ್ನುತ್ತದೆ. ಎಲ್ಲಿಂದ ಬರ್ತದ? ಎಲ್ಲರೂ ಗಪ್ ಚಿಪ್. ಪಾಪ, ಮಕ್ಕಳದೇನು ತಪ್ಪು? ಬೋರ್ಡ್ ಮೇಲೆ ಹಾಗೇ ಬರೆಸಿರುತ್ತಾರೆ.

ವಿಜ್ಞಾನ ಶಿಕ್ಷಕರ ತರಬೇತಿಯಲ್ಲಿ ನಾನು ಜಾಸ್ತಿ ಹೊತ್ತು ಕಳೆಯುವುದು ಇದೊಂದು ಮಾತಿಗೇ. ಹಳದಿ ಬರುವುದಿಲ್ಲ. ಅದು ಮೊದಲಿಂದಲೂ ಎಲೆಯೊಳಗೇ ಇರುತ್ತದೆ. ಅದರ ಹೆಸರು ಕ್ಯಾರೊಟಿನಾಯ್ಡ್. ಹಸಿರು ಬಣ್ಣದ ಕ್ಲೋರೋಫಿಲ್ ಅದಕ್ಕಿಂತ ಜಾಸ್ತಿ ಇರುವುದರಿಂದ ಹಳದಿ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಇನ್ನು ಕ್ಲೋರೋಫಿಲ್ ಒಮ್ಮೆ ಮಾಡಿಟ್ಟರೆ ಹಾಗೇ ಉಳಿಯುವ ಸರಕಲ್ಲ. ಹಳೆಯದು ಒಡೆಯುತ್ತಲೇ ಇರುತ್ತದೆ, ಎಲೆ ಹೊಸದನ್ನು ಮಾಡುತ್ತಲೇ ಇರುತ್ತದೆ. ಉದುರುವ ಕಾಲಕ್ಕೆ ಹೊಸದು ಮಾಡುವುದು ನಿಲ್ಲುತ್ತದೆ. ಇದ್ದದ್ದೂ ಒಡೆದು ಹೋಗುತ್ತದೆ. ಆಗ ಒಳಗಿನ ಹಳದಿ ಕಾಣುತ್ತದೆ. "ಅಂದ್ರ ಕೂದ್ಲ ಬೆಳ್ಳಗಾದಂಗ ಅನ್ರಿ" ಅಂದರು ಒಬ್ಬ ಅಕ್ಕೋರು. ಉಳಿದವರು ನಕ್ಕರು. ನನಗೆ ಮಾತ್ರ ಖುಷಿಯಾಯಿತು. ಕೂದಲಿಗೂ ಯಾರೂ ಬಿಳಿ ಬಳಿಯುವುದಿಲ್ಲ, ಕಪ್ಪು ತಯಾರಾಗುವುದು ನಿಂತಿರುತ್ತದೆ.

ಇದನ್ನು ತೋರಿಸಲು ಲ್ಯಾಬ್ ಬೇಕಿಲ್ಲ. ಗ್ರೌಂಡಿನ ಮೂಲೆಯ ಹಸಿ ಹುಲ್ಲಿನ ಮೇಲೆ ಒಂದು ಇಟ್ಟಿಗೆ ಇಡಿಸಿ. ವಾರ ಹತ್ತು ದಿನ ಬಿಟ್ಟು ಎತ್ತಿಸಿ. ಸುತ್ತ ಹಸಿರು ಹುಲ್ಲು, ಇಟ್ಟಿಗೆ ಇದ್ದಷ್ಟೇ ಜಾಗದಲ್ಲಿ ಚಪ್ಪಟೆಯಾದ ಹಳದಿ ಹುಲ್ಲು. ಹಳದಿ ಹಚ್ಚಿದ್ದು ಯಾರು ಅಂತ ಆಗ ಕೇಳಿ. ಬೆಳಕಿಲ್ಲದೆ ಹೊಸ ಕ್ಲೋರೋಫಿಲ್ ತಯಾರಾಗಲಿಲ್ಲ ಅನ್ನೋದನ್ನು ಐದನೇ ಕ್ಲಾಸಿನ ಹುಡುಗರೂ ತಾವೇ ಹೇಳುತ್ತಾರೆ. ಬೇರು ಸತ್ತಿಲ್ಲದಿದ್ದರೆ ಕೆಲವು ದಿನಕ್ಕೆ ಮತ್ತೆ ಹಸಿರಾಗುತ್ತದೆ. ಅದನ್ನೂ ತೋರಿಸಿ. ಚೇಳಿನ ಕಾಟ ಇರುವ ಊರಾದರೆ ಇಟ್ಟಿಗೆ ನೀವೇ ಎತ್ತಿ.

ಗಿಡ ಯಾಕೆ ಕ್ಲೋರೋಫಿಲ್ ಒಡೆಯುತ್ತದೆ ಅನ್ನುವುದಕ್ಕೆ ಬೀಳಗಿ ಕಡೆಯ ಒಬ್ಬ ಹುಡುಗ ನನಗಿಂತ ಚೆನ್ನಾಗಿ ಹೇಳಿದ. "ಸರ್, ನಮ್ಮ ಜ್ವಾಳದಾಗ ಬುಡದ ಎಲಿ ಮೊದ್ಲ ಹಳದಿ ಆಗ್ತಾವ್ರೀ. ಯೂರಿಯಾ ಕಮ್ಮಿ ಆಗೇತಿ ಅಂತಾನ್ರೀ ನಮ್ಮಪ್ಪ." ಯೂರಿಯಾದಲ್ಲಿರುವುದು ಸಾರಜನಕ. ಅದು ಸಾಲದಿದ್ದಾಗ ಜೋಳ ಹಳೆ ಎಲೆಯ ಕ್ಲೋರೋಫಿಲ್ ಒಡೆದು, ಆ ಎಲೆಯಲ್ಲಿದ್ದ ಸಾರಜನಕವನ್ನು ಕಿತ್ತು ಮೇಲಿನ ಎಳೆ ಎಲೆಗೆ ಕಳಿಸುತ್ತದೆ. ಎಲೆ ಉದುರಿಸುವ ಮರವೂ ಇದನ್ನೇ ಮಾಡುತ್ತದೆ. ಬಿಸಾಕುವ ಮುಂಚೆ ಬೇಕಾದದ್ದನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ಹಾಗಂತ ಎಲ್ಲ ಹಳದಿಗೂ ಇದೇ ಕಾರಣ ಅನ್ನಬೇಡಿ. ಸುಣ್ಣ ಜಾಸ್ತಿ ಇರುವ ಮಣ್ಣಿನಲ್ಲಿ ಎಳೆ ಎಲೆಯೇ ಮೊದಲು ಹಳದಿಯಾದರೆ ಕಬ್ಬಿಣದ ಕೊರತೆ ಇರಬಹುದು. ಅದನ್ನು ಕೃಷಿಯವರಿಗೆ ತೋರಿಸಬೇಕು.

ಇನ್ನು ಆ ಚಾರ್ಟ್! ಸ್ಟೇಷನರಿ ಅಂಗಡಿಯಿಂದ ತಂದ, ಚಳಿ ದೇಶಗಳ ಮೇಪಲ್ ಮರದ ಎಲೆಯ ಚಾರ್ಟ್ ಗೋಡೆ ಮೇಲೆ. ಕಿಟಕಿಯಾಚೆ ಕೈಗೆ ಸಿಗುವಷ್ಟು ಹತ್ತಿರ ಬಾದಾಮಿ ಗಿಡ, ಅದರ ತುಂಬ ಕೆಂಪು ಎಲೆ. ಮಕ್ಕಳು ಅದನ್ನು ಕಸ ಅಂತ ಗುಡಿಸಿ ಬಂದು ಚಾರ್ಟ್ ನೋಡಿ ಚಿತ್ರ ಬರೆಯುತ್ತಾರೆ. ಗುಡಿಸಿದ್ದರಲ್ಲಿ ನಾಲ್ಕು ಎಲೆ ಒಳಗೆ ತರಿಸಿ. ಹಸಿರು, ಅರ್ಧ ಹಳದಿ, ಕೆಂಪು ಎಲ್ಲ ಸಿಗುತ್ತವೆ. ಕೆಂಪಿನ ಲೆಕ್ಕ ಮಾತ್ರ ಬೇರೆ. ಆಂಥೋಸಯಾನಿನ್ ಅನ್ನುವ ಆ ಬಣ್ಣ ಹಳದಿಯ ಹಾಗೆ ಮೊದಲಿಂದ ಅಡಗಿ ಕೂತಿದ್ದಲ್ಲ, ಎಲೆ ಆಗ ಹೊಸದಾಗಿ ಮಾಡಿಕೊಂಡದ್ದು. ಮಾವಿನ ಚಿಗುರು ಕೆಂಪಗಿರುವುದೂ ಅದರಿಂದಲೇ. ಉದುರುವ ಎಲೆಗೆ ಅಷ್ಟು ಖರ್ಚು ಯಾಕೆ ಅನ್ನುವುದರ ಬಗ್ಗೆ ವಿಜ್ಞಾನಿಗಳಲ್ಲೇ ಇನ್ನೂ ಚರ್ಚೆ ಇದೆ. ಮಕ್ಕಳಿಗೂ ಹಾಗೇ ಹೇಳಿ.

ಚಾರ್ಟಿನ ಇನ್ನೊಂದು ಅವಾಂತರ ತಿಂಗಳಿನದು. ಅದರಲ್ಲಿ ಎಲೆ ಉದುರುವುದು ಅಕ್ಟೋಬರಿನಲ್ಲಿ. ನಮ್ಮಲ್ಲಿ ದಸರೆಗೆ ಎಲ್ಲ ಹಸಿರು, ಬೇವು ಬೋಳಾಗುವುದು ಶಿವರಾತ್ರಿ ಆಸುಪಾಸು. ಲಂಡನ್ನಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಹತ್ತಿರ ಹತ್ತಿರ 9 ಗಂಟೆ ವ್ಯತ್ಯಾಸ. ಹಗಲು ಕುಗ್ಗಿ ಚಳಿ ಹತ್ತಿದ್ದೇ ಅಲ್ಲಿನ ಮರಗಳಿಗೆ ಸೂಚನೆ. ನಮ್ಮಲ್ಲಿ ಆ ವ್ಯತ್ಯಾಸ ಬರೀ 2 ಗಂಟೆಯಷ್ಟು. ಇಲ್ಲಿನ ಮರಗಳಿಗೆ ದೊಡ್ಡ ಕಾರಣ ನೆಲದ ತೇವ ಆರುವುದು. ಅದಕ್ಕೇ ಒಂದೇ ಓಣಿಯಲ್ಲಿ ಒಂದು ಬೇವು ಬೋಳಾಗಿ, ಇನ್ನೊಂದು ಹಸಿರಾಗಿ ನಿಂತಿರುವುದುಂಟು. ಯಾಕೆ ಅಂತ ಮಕ್ಕಳು ಕೇಳಿದರೆ ಅಲ್ಲೇ ಕೂತು ಉತ್ತರ ಹೇಳಬೇಡಿ. ಹಸಿರಾಗಿರುವುದರ ಬುಡಕ್ಕೆ ಯಾರ ಮನೆಯ ಬಚ್ಚಲ ನೀರು ಹರಿಯುತ್ತದೆ, ನೋಡಿಕೊಂಡು ಬರಲು ಕಳಿಸಿ.