ಉಳಿದದ್ದು, ಅಳಿದದ್ದು: ಭ್ರೂಣದಲ್ಲಿ ವೇನ್‌ಗಳು ಬೆಳೆಯುವ ಬಗೆ

ಭ್ರೂಣಶಾಸ್ತ್ರದಲ್ಲಿ ಆರ್ಟರಿಗಳ (ಹೃದಯದಿಂದ ರಕ್ತ ಒಯ್ಯುವ ನಾಳಗಳ) ಪಾಠ ಹೇಗೋ ತಲೆಗೆ ಹತ್ತುತ್ತದೆ, ವೇನ್‌ಗಳದ್ದು (ಹೃದಯಕ್ಕೆ ರಕ್ತ ತರುವ ನಾಳಗಳದ್ದು) ಅಷ್ಟು ಸುಲಭವಾಗಿ ಹತ್ತುವುದಿಲ್ಲ. ಹೆಸರುಗಳು ಜಾಸ್ತಿ. ಅದರ ಮೇಲೆ, ಹುಟ್ಟಿದ ವೇನ್‌ಗಳಲ್ಲಿ ಎಷ್ಟೋ ಕೆಲವೇ ವಾರಗಳಲ್ಲಿ ಮಾಯವಾಗುತ್ತವೆ. ಪಟ್ಟಿ ಬಾಯಿಪಾಠ ಮಾಡಿ ಪ್ರಯೋಜನ ಇಲ್ಲ. ಒಂದೇ ಒಂದು ಪ್ರಶ್ನೆ ಹಿಡಿದುಕೊಂಡು ಓದಿ: ಎಡಗಡೆಯ ರಕ್ತ ಬಲಗಡೆಗೆ ಬಂದದ್ದು ಹೇಗೆ?

ಐದನೇ ವಾರದ ಭ್ರೂಣದಲ್ಲಿ ವೇನ್‌ಗಳೆಲ್ಲ ಜೋಡಿ ಜೋಡಿ. ಎಡಕ್ಕೊಂದು, ಬಲಕ್ಕೊಂದು. ದೊಡ್ಡವರ ದೇಹದಲ್ಲಿ ಮಾತ್ರ ಎರಡು ದೊಡ್ಡ ನಾಳಗಳೂ ಬಲಗಡೆಯೇ ಇವೆ. ಮೇಲಿನಿಂದ ಸುಪೀರಿಯರ್ ವೀನಾ ಕೇವಾ, ಕೆಳಗಿನಿಂದ ಇನ್ಫೀರಿಯರ್ ವೀನಾ ಕೇವಾ, ಎರಡೂ ಬಲ ಏಟ್ರಿಯಮ್‌ಗೆ (ಹೃದಯದ ಮೇಲಿನ ಬಲ ಕೋಣೆಗೆ). ಇನ್ನು ಮುಂದೆ ಎಸ್‌ವಿಸಿ, ಐವಿಸಿ ಅಂತ ಬರೆಯುತ್ತೇನೆ. ನಡುವೆ ಆದದ್ದು ಇಷ್ಟು: ಎಡ ಮತ್ತು ಬಲ ನಾಳಗಳ ನಡುವೆ ಅಡ್ಡ ದಾರಿಗಳು ಹುಟ್ಟಿದವು, ಎಡಗಡೆಯ ರಕ್ತ ಅವುಗಳ ಮೂಲಕ ಬಲಕ್ಕೆ ಹರಿಯಿತು, ಎಡಗಡೆಯ ಹಳೆಯ ದಾರಿಗಳು ಬಹುಪಾಲು ಬತ್ತಿದವು. ನೀರು ಹರಿಯುವ ಕಾಲುವೆ ಅಗಲವಾಗುತ್ತದೆ, ಹರಿಯದ ಕಾಲುವೆಯಲ್ಲಿ ಹೂಳು ತುಂಬುತ್ತದೆ. ಇಲ್ಲಿಯೂ ಹಾಗೆಯೇ.

ಇದು ಗೊತ್ತಾದರೆ ಕೆಲವರ ವೇನ್‌ಗಳಲ್ಲಿ ಕಾಣುವ ವ್ಯತ್ಯಾಸಗಳೂ ತಾವಾಗಿಯೇ ಅರ್ಥವಾಗುತ್ತವೆ. ಅಳಿಯಬೇಕಾದದ್ದು ಉಳಿದಿರುತ್ತದೆ, ಇಲ್ಲವೇ ಉಳಿಯಬೇಕಾದದ್ದು ಅಳಿದಿರುತ್ತದೆ. ಕೆಲವೊಮ್ಮೆ ಎರಡೂ ಒಟ್ಟಿಗೆ.

ಮೂರು ಜೋಡಿಗಳು

ಮೊದಲಿಗೆ ಮೂರು ಜೋಡಿ ನೆನಪಿಡಿ. ಯೋಕ್ ಸ್ಯಾಕ್‌ನಿಂದ (ಭ್ರೂಣಕ್ಕೆ ಅಂಟಿದ ಪುಟ್ಟ ಚೀಲದಿಂದ) ಬರುವ ವಿಟಲೈನ್ ವೇನ್‌ಗಳು. ಪ್ಲಾಸೆಂಟಾದಿಂದ ಶುದ್ಧ ರಕ್ತ ತರುವ ಅಂಬಿಲಿಕಲ್ ವೇನ್‌ಗಳು. ಭ್ರೂಣದ ಸ್ವಂತ ಮೈಯಿಂದ ರಕ್ತ ತರುವ ಕಾರ್ಡಿನಲ್ ವೇನ್‌ಗಳು. ಇವು ಮೂರೂ ಹೋಗಿ ಸೇರುವುದು ಭ್ರೂಣದ ಹೃದಯದ ಬಾಗಿಲಲ್ಲಿರುವ ಸೈನಸ್ ವೀನೋಸಸ್‌ಗೆ. ಅದಕ್ಕೆ ಎಡ, ಬಲ ಎರಡು ಕೊಂಬು. ರಕ್ತ ಬಲಕ್ಕೆ ವಾಲುತ್ತಿದ್ದಂತೆ ಬಲ ಕೊಂಬು ದೊಡ್ಡದಾಗಿ, ಬಲ ಏಟ್ರಿಯಮ್‌ನ ನುಣುಪು ಗೋಡೆಯ ಭಾಗವೇ ಆಗಿಬಿಡುತ್ತದೆ. ಎಡ ಕೊಂಬು ಕುಗ್ಗಿ ಕೊರೋನರಿ ಸೈನಸ್ (ಹೃದಯದ ಸ್ವಂತ ಗೋಡೆಯ ರಕ್ತವನ್ನು ಬಲ ಏಟ್ರಿಯಮ್‌ಗೆ ತರುವ ನಾಳ) ಆಗಿ ಉಳಿಯುತ್ತದೆ. ಈ ಕೊನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಮುಂದಿನ ಭಾಗ ಪೂರ್ತಿ ಇದರ ಮೇಲೆ ನಿಂತಿದೆ.

ಹೃದಯದ ಮೇಲೆ: ಎಡಗಡೆಯ ಎಸ್‌ವಿಸಿ

ತಲೆ ಮತ್ತು ಕೈಗಳಿಂದ ರಕ್ತ ತರುವುದು ಎರಡು ಆಂಟೀರಿಯರ್ ಕಾರ್ಡಿನಲ್ ವೇನ್‌ಗಳು. ಅವುಗಳ ನಡುವೆ ಎಡದಿಂದ ಬಲಕ್ಕೆ ಓರೆಯಾಗಿ ಒಂದು ಅಡ್ಡ ದಾರಿ ಹುಟ್ಟುತ್ತದೆ. ಅದೇ ಎಡ ಬ್ರೇಕಿಯೋಸೆಫಾಲಿಕ್ ವೇನ್. ಎದೆಯಲ್ಲಿ ಅದು ಬಲಗಡೆಯದಕ್ಕಿಂತ ಉದ್ದ ಯಾಕೆ, ಓರೆ ಯಾಕೆ ಅನ್ನುವುದಕ್ಕೆ ಇದೇ ಉತ್ತರ. ಎಸ್‌ವಿಸಿ ಆಗುವುದು ಬಲ ಆಂಟೀರಿಯರ್ ಕಾರ್ಡಿನಲ್‌ನ ಕೆಳಭಾಗ ಮತ್ತು ಬಲ ಕಾಮನ್ ಕಾರ್ಡಿನಲ್ ಸೇರಿ. ಎಡಗಡೆಯ ಅದೇ ಭಾಗ ಮುಚ್ಚಿಹೋಗಿ, ಎಡ ಏಟ್ರಿಯಮ್‌ನ ಹಿಂದೆ ಒಂದು ಸಣ್ಣ ವೇನ್ ಮತ್ತು ಒಂದು ಎಳೆಯಾಗಿ ಉಳಿಯುತ್ತದೆ. ಇದನ್ನು 1850ರಲ್ಲಿ ಜಾನ್ ಮಾರ್ಷಲ್ ವಿವರಿಸಿದರು, ಅದಕ್ಕೇ ಮಾರ್ಷಲ್ ವೇನ್, ಮಾರ್ಷಲ್ ಲಿಗಮೆಂಟ್ ಎಂಬ ಹೆಸರು. ಇದು ಬರೀ ಅವಶೇಷ ಅಂದುಕೊಳ್ಳಬೇಡಿ. ಏಟ್ರಿಯಲ್ ಫಿಬ್ರಿಲೇಶನ್ (ಏಟ್ರಿಯಮ್ ತಾಳ ತಪ್ಪಿ ಬಡಿಯುವ ಕಾಯಿಲೆ) ಇರುವ ಕೆಲವರಲ್ಲಿ ತಾಳ ತಪ್ಪಿಸುವ ವಿದ್ಯುತ್ ಸಂಕೇತ ಇಲ್ಲಿಂದಲೇ ಏಳುತ್ತದೆ. ಈ ವೇನ್‌ನೊಳಗೆ ಆಲ್ಕೋಹಾಲ್ ಬಿಟ್ಟು ಆ ಜಾಗವನ್ನು ಸುಡುವ ಚಿಕಿತ್ಸೆಯೂ ಇದೆ.

ಎಡಗಡೆಯ ನಾಳ ಮುಚ್ಚದೆ ಉಳಿದರೆ? ಅದೇ ಪರ್ಸಿಸ್ಟೆಂಟ್ ಲೆಫ್ಟ್ ಎಸ್‌ವಿಸಿ. ಸಾಮಾನ್ಯ ಜನರಲ್ಲಿ ಸಾವಿರಕ್ಕೆ 3ರಿಂದ 5 ಜನರಲ್ಲಿ ಸಿಗುತ್ತದೆ. ಹುಟ್ಟಿನಿಂದಲೇ ಹೃದಯದ ತೊಂದರೆ ಇರುವವರಲ್ಲಿ ಇನ್ನೂ ಜಾಸ್ತಿ. ಹೆಚ್ಚಿನವರಲ್ಲಿ ಬಲಗಡೆಯ ಎಸ್‌ವಿಸಿಯೂ ಇರುತ್ತದೆ, ಎಡಗಡೆಯದು ಕೊರೋನರಿ ಸೈನಸ್ ಮೂಲಕ ಬಲ ಏಟ್ರಿಯಮ್‌ಗೇ ಸೇರುತ್ತದೆ. ರಕ್ತ ಸರಿಯಾದ ಕಡೆಗೇ ಬಂತು, ಆದ್ದರಿಂದ ಆ ಮನುಷ್ಯನಿಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಡಾಕ್ಟರ್‌ಗೆ. ಎಡಗಡೆಯಿಂದ ಸೆಂಟ್ರಲ್ ಲೈನ್ (ಹೃದಯದ ಹತ್ತಿರದ ದೊಡ್ಡ ವೇನ್‌ವರೆಗೆ ತೂರಿಸುವ ಸಣ್ಣ ಕೊಳವೆ) ಹಾಕಿ ಎಕ್ಸ್‌ರೇ ತೆಗೆದರೆ, ಬಲಕ್ಕೆ ದಾಟಬೇಕಾದ ಕ್ಯಾಥೆಟರ್ ಎಡ ಅಂಚಿನಲ್ಲೇ ನೇರ ಕೆಳಗೆ ಇಳಿದಿರುತ್ತದೆ. ಆರ್ಟರಿಗೆ ಹೋಯಿತೇನೋ ಎಂದು ಗಾಬರಿಯಾಗುವುದು ಸಹಜ. ಪೇಸ್‌ಮೇಕರ್ ತಂತಿ ಹಾಕುವವರಿಗೂ ಕಷ್ಟ, ಕೊರೋನರಿ ಸೈನಸ್‌ನಿಂದ ಹೊರಬಂದ ತಂತಿ ಬಲ ವೆಂಟ್ರಿಕಲ್ ಕಡೆಗೆ ತಟ್ಟನೆ ತಿರುಗಬೇಕಾಗುತ್ತದೆ.

ಪತ್ತೆ ಮಾಡುವ ರೀತಿ ನನಗೆ ತುಂಬಾ ಇಷ್ಟ. ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್‌ನಲ್ಲಿ) ಕೊರೋನರಿ ಸೈನಸ್ ಊದಿಕೊಂಡಂತೆ ಕಂಡಿತು ಅನ್ನಿ. ಚೆನ್ನಾಗಿ ಅಲುಗಾಡಿಸಿ ಸಣ್ಣ ಗುಳ್ಳೆ ಎಬ್ಬಿಸಿದ ಸಲೈನ್ ಅನ್ನು ಎಡಗೈ ವೇನ್‌ಗೆ ಕೊಡುತ್ತಾರೆ. ಗುಳ್ಳೆಗಳು ಮೊದಲು ಕೊರೋನರಿ ಸೈನಸ್‌ನಲ್ಲಿ ಬೆಳ್ಳಗೆ ಮಿನುಗುತ್ತವೆ, ಆಮೇಲೆ ಬಲ ಏಟ್ರಿಯಮ್‌ನಲ್ಲಿ. ಬಲಗೈಗೆ ಕೊಟ್ಟರೆ ನೇರ ಏಟ್ರಿಯಮ್‌ನಲ್ಲೇ ಕಾಣುತ್ತವೆ. ಎಡ ಕೊಂಬಿನ ಕಥೆ ಪೂರ್ತಿ ಪರದೆಯ ಮೇಲೆ ಬಂದಹಾಗೆ, ಅಲ್ವಾ?

ಕೆಲವೇ ಜನರಲ್ಲಿ ಈ ಎಡ ನಾಳ ಎಡ ಏಟ್ರಿಯಮ್‌ಗೆ ತೆರೆದುಕೊಂಡಿರುತ್ತದೆ. ಅದು ಅಪಾಯ. ಎಡಗೈ ಡ್ರಿಪ್‌ನಲ್ಲಿ ಗಾಳಿಯೋ ಹೆಪ್ಪುಗಟ್ಟಿದ ರಕ್ತವೋ ಬಂದರೆ ಶ್ವಾಸಕೋಶದಲ್ಲಿ ಸೋಸದೆ ಮಿದುಳಿಗೆ ಹೋಗಬಹುದು.

ಲಿವರ್ ಸುತ್ತ

ಇದನ್ನು ಬೇಗ ಮುಗಿಸೋಣ. ವಿಟಲೈನ್ ವೇನ್‌ಗಳು ಡ್ಯುಯೋಡಿನಮ್ (ಸಣ್ಣ ಕರುಳಿನ ಮೊದಲ ಭಾಗ) ಸುತ್ತ ಹೆಣೆದುಕೊಂಡು ಒಂದು ಜಾಲ ಮಾಡುತ್ತವೆ. ಡ್ಯುಯೋಡಿನಮ್‌ನ ಮುಂದೆಯೂ ಅಡ್ಡ ಕೊಂಡಿ, ಹಿಂದೆಯೂ ಅಡ್ಡ ಕೊಂಡಿ. ಹಿಂದಿನ ಕೊಂಡಿ ಉಳಿದು, ಕೆಲವು ತುಂಡುಗಳು ಅಳಿದು, ಕರುಳಿನ ರಕ್ತವನ್ನು ಲಿವರ್‌ಗೆ ಒಯ್ಯುವ ಪೋರ್ಟಲ್ ವೇನ್ ಆಗುತ್ತದೆ. ಹಿಂದಿನದು ಅಳಿದು ಮುಂದಿನದು ಉಳಿದರೆ ಪೋರ್ಟಲ್ ವೇನ್ ಡ್ಯುಯೋಡಿನಮ್‌ನ ಮುಂದೆ ಹಾದುಹೋಗುತ್ತದೆ. ಅಪರೂಪ, ಆದರೆ ಕರುಳು ಸರಿಯಾಗಿ ತಿರುಗದ ಮಕ್ಕಳಲ್ಲಿ ಇದೂ ಜೊತೆಗಿರಬಹುದು ಎಂದು ಸರ್ಜನ್ ನೆನಪಿಟ್ಟಿರಲೇಬೇಕು. ಲಿವರ್‌ನಿಂದ ಹೃದಯಕ್ಕೆ ಹೋಗುವ ಬಲ ವಿಟಲೈನ್‌ನ ಭಾಗ ಐವಿಸಿಯ ತುದಿಯಾಗುತ್ತದೆ.

ಅಂಬಿಲಿಕಲ್ ಜೋಡಿಯಲ್ಲಿ ಆಟ ಉಲ್ಟಾ. ಇಲ್ಲಿ ಬಲ ಅಳಿಯುತ್ತದೆ, ಎಡ ಉಳಿಯುತ್ತದೆ. ಆದರೂ ನಮ್ಮ ಸೂತ್ರ ಮುರಿಯಲಿಲ್ಲ, ಗಮನಿಸಿ. ಎಡ ಅಂಬಿಲಿಕಲ್ ವೇನ್‌ನ ರಕ್ತ ಡಕ್ಟಸ್ ವೀನೋಸಸ್ ಎಂಬ ಅಡ್ಡ ದಾರಿಯಿಂದ ಬಲಗಡೆಗೇ, ಐವಿಸಿಗೇ ಸೇರುತ್ತದೆ. ಎಡದ ಬದಲು ಬಲ ಅಂಬಿಲಿಕಲ್ ಉಳಿದರೆ ಸ್ಕ್ಯಾನ್‌ನಲ್ಲಿ ಅದು ಪಿತ್ತಕೋಶದ ಬಲಗಡೆ ಹಾದು, ಹೊಟ್ಟೆಯ ಚೀಲದ ಕಡೆಗೆ ಬಾಗಿದ್ದು ಕಾಣುತ್ತದೆ.

ಕಿಡ್ನಿಯ ಸುತ್ತ: ನಿಜವಾದ ಗೋಜಲು

ಹೊಟ್ಟೆಯ ಹಿಂಗೋಡೆಯಲ್ಲಿ ಮೂರು ಜೋಡಿಗಳು ಒಂದಾದ ಮೇಲೆ ಒಂದು ಬರುತ್ತವೆ. ಮೊದಲು ಪೋಸ್ಟೀರಿಯರ್ ಕಾರ್ಡಿನಲ್, ಆಮೇಲೆ ಸಬ್‌ಕಾರ್ಡಿನಲ್, ಕೊನೆಗೆ ಸುಪ್ರಾಕಾರ್ಡಿನಲ್. ಐವಿಸಿ ಒಂದೇ ನಾಳದಂತೆ ಕಂಡರೂ ಅದು ಬೇರೆ ಬೇರೆ ತುಂಡು ಜೋಡಿಸಿದ ನಾಳ. ಮೇಲಿನಿಂದ ಕೆಳಕ್ಕೆ ಬನ್ನಿ. ಲಿವರ್ ತುಂಡು ಬಲ ವಿಟಲೈನ್‌ನದು. ಲಿವರ್‌ಗೂ ಕಿಡ್ನಿಗೂ ನಡುವಿನದು ಬಲ ಸಬ್‌ಕಾರ್ಡಿನಲ್. ಕಿಡ್ನಿ ಮಟ್ಟದಲ್ಲಿ ಸಬ್‌ಕಾರ್ಡಿನಲ್ ಮತ್ತು ಸುಪ್ರಾಕಾರ್ಡಿನಲ್ ಕೂಡುವ ಕೊಂಡಿ. ಕಿಡ್ನಿಯ ಕೆಳಗೆ ಬಲ ಸುಪ್ರಾಕಾರ್ಡಿನಲ್. ಈ ಕೆಳಭಾಗಕ್ಕೆ ಕೆಲವು ಪುಸ್ತಕಗಳು ಸೇಕ್ರೋಕಾರ್ಡಿನಲ್ ಎನ್ನುತ್ತವೆ. ಗೊಂದಲ ಬೇಡ, ನಿಮ್ಮ ಪಠ್ಯದಲ್ಲಿ ಇರುವ ಹೆಸರನ್ನೇ ಬರೆಯಿರಿ. ಪೋಸ್ಟೀರಿಯರ್ ಕಾರ್ಡಿನಲ್‌ಗಳಿಂದ ದೊಡ್ಡವರಲ್ಲಿ ಉಳಿಯುವುದು ಸ್ವಲ್ಪವೇ.

ಈಗ ವ್ಯತ್ಯಾಸಗಳನ್ನು ನೀವೇ ಊಹಿಸಬಹುದು. ಎಡ ಸುಪ್ರಾಕಾರ್ಡಿನಲ್ ಕೂಡ ಉಳಿದರೆ ಕಿಡ್ನಿಯ ಕೆಳಗೆ ಎರಡು ಐವಿಸಿ. ಎಡ ಉಳಿದು ಬಲ ಅಳಿದರೆ ಎಡ ಐವಿಸಿ. ಎರಡರಲ್ಲೂ ಎಡಗಡೆಯ ನಾಳ ಸಾಮಾನ್ಯವಾಗಿ ಎಡ ಕಿಡ್ನಿ ವೇನ್‌ನ ಮಟ್ಟದಲ್ಲಿ ಅಯೋರ್ಟಾದ (ಹೃದಯದಿಂದ ಹೊರಡುವ ಮುಖ್ಯ ಆರ್ಟರಿಯ) ಮುಂದಿನಿಂದ ಬಲಕ್ಕೆ ದಾಟಿಕೊಳ್ಳುತ್ತದೆ. ಸಿಟಿಯ ಒಂದೇ ಚಿತ್ರ ನೋಡಿದರೆ ಅಯೋರ್ಟಾದ ಎಡಕ್ಕಿರುವ ಈ ದುಂಡು ನೆರಳು ದೊಡ್ಡದಾದ ಲಿಂಫ್ ನೋಡ್‌ನಂತೆ ಕಾಣುತ್ತದೆ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗದಂತೆ ಫಿಲ್ಟರ್ ಹಾಕುವಾಗಲೂ ಇದು ಮುಖ್ಯ. ಬಲ ನಾಳಕ್ಕೆ ಮಾತ್ರ ಹಾಕಿದರೆ ಎಡ ನಾಳ ತೆರೆದೇ ಇರುತ್ತದೆ.

ಬಲ ಸಬ್‌ಕಾರ್ಡಿನಲ್ ಲಿವರ್ ತುಂಡಿಗೆ ಕೂಡಿಕೊಳ್ಳದೆ ಹೋದರೆ ಕೆಳಗಿನ ರಕ್ತಕ್ಕೆ ದಾರಿಯಿಲ್ಲ. ಅದು ಬೆನ್ನುಮೂಳೆಯ ಬಲಕ್ಕಿರುವ ಏಜೈಗಸ್ ವೇನ್ ಹಿಡಿದು ಎದೆಯೊಳಗೆ ಏರಿ ಎಸ್‌ವಿಸಿಗೆ ಸೇರುತ್ತದೆ. ಲಿವರ್‌ನ ವೇನ್‌ಗಳು ನೇರ ಬಲ ಏಟ್ರಿಯಮ್‌ಗೆ ತೆರೆದುಕೊಳ್ಳುತ್ತವೆ. ಊದಿದ ಏಜೈಗಸ್ ಎಕ್ಸ್‌ರೇಯಲ್ಲಿ ಶ್ವಾಸನಾಳದ ಬಲಕ್ಕೆ ಗಡ್ಡೆಯಂತೆ ಕಾಣುತ್ತದೆ. ಎದೆಯ ಆಪರೇಷನ್‌ನಲ್ಲಿ ಏಜೈಗಸ್ ಅನ್ನು ಕಟ್ಟಿಬಿಡುವುದು ಮಾಮೂಲಿ, ಇಂಥವರಲ್ಲಿ ಹಾಗೆ ಕಟ್ಟಿದರೆ ಪ್ರಾಣಕ್ಕೇ ಕುತ್ತು. ಇಡೀ ಪಾಠದಲ್ಲಿ ಎಲ್ಲಕ್ಕಿಂತ ಮುಖ್ಯವಾದ ವ್ಯತ್ಯಾಸ ಯಾವುದು ಎಂದರೆ ನಾನು ಇದನ್ನೇ ಹೇಳುತ್ತೇನೆ.

ರೆಟ್ರೋಕೇವಲ್ ಯುರೇಟರ್ ಅಂದರೆ ಐವಿಸಿಯ ಹಿಂದೆ ಹಾದುಹೋಗುವ ಯುರೇಟರ್ (ಕಿಡ್ನಿಯಿಂದ ಮೂತ್ರ ಇಳಿಸುವ ನಾಳ). ಇದರ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಯುರೇಟರ್ ದಾರಿ ತಪ್ಪಿತು ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಯುರೇಟರ್ ತನ್ನ ಪಾಡಿಗೆ ಸರಿಯಾಗಿಯೇ ಬೆಳೆದಿರುತ್ತದೆ. ಅದರ ಹಿಂದೆ ಇರುವ ಸುಪ್ರಾಕಾರ್ಡಿನಲ್‌ನಿಂದ ಐವಿಸಿ ಆಗಬೇಕಿತ್ತು. ಬದಲಿಗೆ ಮುಂದಿನ ಹಳೆಯ ವೇನ್‌ನಿಂದ ಆಯಿತು, ಯುರೇಟರ್ ಹಿಂದೆ ಸಿಕ್ಕಿಕೊಂಡಿತು. ಐವಿಸಿ ಬಲಗಡೆ ಇರುವುದರಿಂದ ಇದೂ ಹೆಚ್ಚುಕಡಿಮೆ ಯಾವಾಗಲೂ ಬಲಗಡೆಯೇ. ಮೂತ್ರ ಸರಾಗವಾಗಿ ಇಳಿಯದೆ ಬಲ ಕಿಡ್ನಿ ಊದಿಕೊಳ್ಳಬಹುದು.

ಎಡ ಕಿಡ್ನಿ ವೇನ್ ಬಗ್ಗೆ ಸ್ವಲ್ಪ ನಿಂತು ನೋಡಿ. ಎಡ, ಬಲ ಸಬ್‌ಕಾರ್ಡಿನಲ್‌ಗಳ ನಡುವಿನ ಅಡ್ಡ ದಾರಿಯೇ ಇದಾದ್ದರಿಂದ ಇದು ಸುಮಾರು 7.5 ಸೆಂ.ಮೀ. ಉದ್ದ, ಬಲಗಡೆಯದು 2.5 ಸೆಂ.ಮೀ. ಅಷ್ಟೇ. ಕಿಡ್ನಿ ದಾನಕ್ಕೆ ಸಾಮಾನ್ಯವಾಗಿ ಎಡ ಕಿಡ್ನಿಯನ್ನೇ ಆರಿಸಲು ಇದೊಂದು ಕಾರಣ, ಉದ್ದ ವೇನ್ ಇದ್ದರೆ ಹೊಲಿಯುವುದು ಸುಲಭ. ಎಡ ಸಬ್‌ಕಾರ್ಡಿನಲ್‌ನ ಕೆಳತುಂಡು ಎಡ ವೃಷಣದ ಅಥವಾ ಅಂಡಾಶಯದ ವೇನ್ ಆಗಿ ಇದಕ್ಕೇ ಲಂಬವಾಗಿ ಬಂದು ಕೂಡುತ್ತದೆ. ಬಲಗಡೆಯದು ನೇರ ಐವಿಸಿಗೆ. ವೇರಿಕೋಸೀಲ್ (ವೃಷಣದ ವೇನ್‌ಗಳ ಊತ) ಎಡಗಡೆ ಜಾಸ್ತಿ ಯಾಕೆ ಎಂಬ ವೈವಾ ಪ್ರಶ್ನೆಗೆ ಇಲ್ಲಿಂದಲೇ ಉತ್ತರ ಶುರು ಮಾಡಿ.

ಭ್ರೂಣದಲ್ಲಿ ಎಡ ಕಿಡ್ನಿಯಿಂದ ಅಯೋರ್ಟಾದ ಮುಂದೊಂದು, ಹಿಂದೊಂದು ವೇನ್ ಇರುತ್ತದೆ. ಹಿಂದಿನದು ಅಳಿಯಬೇಕು. ಎರಡೂ ಉಳಿದರೆ ಅಯೋರ್ಟಾದ ಸುತ್ತ ಉಂಗುರ, ಹಿಂದಿನದು ಮಾತ್ರ ಉಳಿದರೆ ರೆಟ್ರೋಅಯೋರ್ಟಿಕ್. ಉಂಗುರ ಇರುವಲ್ಲಿ ಅಪಾಯ ಜಾಸ್ತಿ ಅಂತ ನನ್ನ ಅನಿಸಿಕೆ. ಮುಂದಿನ ವೇನ್ ಸರಿಯಾದ ಜಾಗದಲ್ಲೇ ಕಂಡಾಗ ಹಿಂದೆ ಇನ್ನೊಂದು ಇದೆ ಎಂಬ ಅನುಮಾನವೇ ಬರುವುದಿಲ್ಲ. ಅಯೋರ್ಟಾದ ಹಿಂದೆ ಕೈಹಾಕಿ ಬಿಡಿಸುವಾಗ ಅದು ಹರಿದು ರಕ್ತ ಸುರಿಯುತ್ತದೆ.

ಇನ್ನು ಏಜೈಗಸ್ ಲೋಬ್, ಅಂದರೆ ಏಜೈಗಸ್ ವೇನ್ ಸೀಳಿ ಬೇರೆ ಮಾಡಿದ ಬಲ ಶ್ವಾಸಕೋಶದ ತುಂಡು. ಬಲ ಪೋಸ್ಟೀರಿಯರ್ ಕಾರ್ಡಿನಲ್‌ನಿಂದ ಬರುವ ಏಜೈಗಸ್‌ನ ಕಮಾನು ಶ್ವಾಸಕೋಶದ ತುದಿಯನ್ನು ದಾಟಿ ಒಳಕ್ಕೆ ಸರಿಯಬೇಕು. ಸರಿಯದೆ ಶ್ವಾಸಕೋಶವನ್ನೇ ಸೀಳಿಕೊಂಡು ಹೋದರೆ ಪ್ಲೂರಾದ (ಶ್ವಾಸಕೋಶದ ಹೊದಿಕೆಯ) ನಾಲ್ಕು ಪದರವನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಎಕ್ಸ್‌ರೇಯಲ್ಲಿ ಬಲ ಮೇಲ್ಭಾಗದಲ್ಲಿ ಬಾಗಿದ ಸಣ್ಣ ಗೆರೆ, ಅದರ ತುದಿಯಲ್ಲಿ ಹನಿಯಂಥ ನೆರಳು. ಆ ಹನಿಯೇ ಏಜೈಗಸ್. ಇದರಿಂದ ತೊಂದರೆಯೇನೂ ಇಲ್ಲ.

ಸಿಟಿ ನೋಡಲು ಕೂತಾಗ ತೊಡೆಯ ಸಂದಿಯ ವೇನ್‌ಗಳಿಂದ ಶುರುಮಾಡಿ, ಒಂದೊಂದೇ ಚಿತ್ರ ಮೇಲಕ್ಕೆ ಸರಿಸುತ್ತಾ ಹೋಗಿ. ಎಡಗಡೆ ಏನಾದರೂ ಜಾಸ್ತಿ ಕಂಡರೆ ಅದು ಎಲ್ಲಿ ಹೋಗಿ ಕೂಡುತ್ತದೆ ಎಂದು ಹಿಂಬಾಲಿಸಿ. ಲಿಂಫ್ ನೋಡ್ ಆದರೆ ಕೆಲವು ಚಿತ್ರಗಳಲ್ಲಿ ಮುಗಿದುಹೋಗುತ್ತದೆ. ವೇನ್ ಆದರೆ ಕಿಡ್ನಿ ಮಟ್ಟದವರೆಗೂ ಬಿಡದೆ ಸಿಗುತ್ತದೆ.