4.6 ಇದ್ದದ್ದು 48 ಆಯಿತೇ? ಸಿಆರ್‌ಪಿ ಪರೀಕ್ಷೆ ನಡೆದುಬಂದ ದಾರಿ

ಇಂಡಿ ಹತ್ತಿರದ ತೋಟದಲ್ಲಿ ನಮ್ಮ ಕಾಕಾನ ಅಂಗಾಲಿಗೆ ನಿಂಬೆ ಗಿಡದ ಮುಳ್ಳು ಚುಚ್ಚಿತ್ತು. ಮೂರು ದಿನಕ್ಕೆ ಕಾಲು ಬಾತು ಜ್ವರ ಬಂತು. ಮುಂಜಾನೆ ಊರ ಹತ್ತಿರದ ಲ್ಯಾಬ್‌ನಲ್ಲಿ ಸಿಆರ್‌ಪಿ (ಸಿ-ರಿಯಾಕ್ಟಿವ್ ಪ್ರೋಟೀನ್, ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಪ್ರೋಟೀನ್) 4.6 ಇತ್ತು. ಸಂಜೆ ವಿಜಯಪುರದ ಲ್ಯಾಬ್‌ನಲ್ಲಿ 48. "ಮುಂಜಾನೆ ಐದೂ ಇದ್ದಿಲ್ಲ, ಈಗ ಐವತ್ತರ ಹತ್ರ ಆಗ್ಯಾದ" ಎಂದು ಕಾಕು ಅಳತೊಡಗಿದರು.

ಎರಡೂ ಚೀಟಿ ಅಕ್ಕಪಕ್ಕ ಇಟ್ಟಾಗ ಗೊತ್ತಾಯಿತು. ಮುಂಜಾನೆಯದರಲ್ಲಿ ಎಂಜಿ/ಡಿಎಲ್ (ಡೆಸಿಲೀಟರಿಗೆ ಎಷ್ಟು ಮಿಲಿಗ್ರಾಂ), ಸಂಜೆಯದರಲ್ಲಿ ಎಂಜಿ/ಎಲ್ (ಲೀಟರಿಗೆ ಎಷ್ಟು ಮಿಲಿಗ್ರಾಂ). ಡೆಸಿಲೀಟರ್ ಎಂದರೆ ಲೀಟರಿನ ಹತ್ತನೇ ಒಂದು ಪಾಲು. ಹಾಗಾಗಿ ಮುಂಜಾನೆಯ 4.6 ಎಂದರೆ ಲೀಟರಿನ ಲೆಕ್ಕದಲ್ಲಿ 46. ಏರಿದ್ದು ಬರೀ ಎರಡು! ಇಷ್ಟನ್ನು ಹೇಳುವವರು ಕೌಂಟರ್‌ನಲ್ಲಿ ಒಬ್ಬರೂ ಇರಲಿಲ್ಲವಲ್ಲ ಎಂಬ ಸಂಕಟ ನನಗೆ ಇನ್ನೂ ಇದೆ.

ಈ ಪ್ರೋಟೀನ್ ಕಣ್ಣಿಗೆ ಬಿದ್ದದ್ದು 1930ರಲ್ಲಿ, ನ್ಯೂಯಾರ್ಕ್‌ನ ರಾಕ್‌ಫೆಲರ್ ಸಂಸ್ಥೆಯಲ್ಲಿ. ಆಗ ನ್ಯುಮೋನಿಯಾಕ್ಕೆ ಆ್ಯಂಟಿಬಯೋಟಿಕ್ ಇರಲಿಲ್ಲ. ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ಎಂಬ ವೈದ್ಯರು ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾದಿಂದ 'ಸಿ' ಎಂಬ ಅಂಶವನ್ನು ಬೇರ್ಪಡಿಸಿ, ರೋಗಿಗಳ ಸೀರಂಗೆ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಬೆರೆಸಿದರು. ಜ್ವರ ಜೋರಾಗಿದ್ದಾಗ ಸೀರಂನಲ್ಲಿ ಗಸಿ ಕಟ್ಟಿತು. ರೋಗಿ ಚೇತರಿಸಿಕೊಂಡ ಮೇಲೆ ಕಟ್ಟಲಿಲ್ಲ. ಸಿ-ರಿಯಾಕ್ಟಿವ್ ಎಂಬ ಹೆಸರು ಬಂದದ್ದು ಹೀಗೆ.

ಅವರಿಗೆ ಇನ್ನೊಂದು ಸಂಗತಿಯೂ ಕಂಡಿತು. ನ್ಯುಮೋನಿಯಾ ಇಲ್ಲದ, ಬೇರೆ ಸೋಂಕಿನ ಕೆಲವರಲ್ಲೂ ಗಸಿ ಕಟ್ಟಿತ್ತು. ನನಗೆ ಮುಖ್ಯ ಅನಿಸುವುದು ಇದೇ. ಈ ಪ್ರೋಟೀನ್ ಯಾವ ರೋಗದ ಹೆಸರನ್ನೂ ಹೇಳುವುದಿಲ್ಲ ಎಂಬ ಸುಳಿವು ಮೊದಲ ದಿನದಿಂದಲೇ ಇತ್ತು. ದೇಹದಲ್ಲಿ ಎಲ್ಲೋ ಉರಿಯೂತ ಎದ್ದಾಗ ಅದನ್ನು ತಯಾರಿಸುವುದು ನಮ್ಮದೇ ಲಿವರ್. ಸೋಂಕು, ಪೆಟ್ಟು, ಆಪರೇಷನ್, ಕೀಲುವಾತ, ಯಾವುದಕ್ಕಾದರೂ ಅದು ಏರುತ್ತದೆ.

ಮೊದಮೊದಲು ಸಣ್ಣ ಗಾಜಿನ ನಳಿಕೆಯಲ್ಲಿ ಗಸಿಯ ಎತ್ತರ ನೋಡುತ್ತಿದ್ದರು. ಆಮೇಲೆ ಲೇಟೆಕ್ಸ್ ಸ್ಲೈಡ್ (ಗಾಜಿನ ಪಟ್ಟಿಯ ಮೇಲೆ ಲೇಟೆಕ್ಸಿನ ಸಣ್ಣ ಕಣಗಳಿಗೆ ಸೀರಂ ಬೆರೆಸಿ ನೋಡುವ ಪರೀಕ್ಷೆ) ಬಂತು: ಕಾಳು ಕಟ್ಟಿದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್, ಅಷ್ಟೇ. ಬೆಳಕು ಹಾಯಿಸಿ ಅಳೆಯುವ ಮಷಿನ್‌ಗಳು ಬಂದ ಮೇಲೆ ನಿಖರ ಅಂಕಿ ಸಿಗತೊಡಗಿತು. ಯೂನಿಟ್‌ನ ಗೊಂದಲವೂ ಅದರ ಜೊತೆಗೇ ಬಂತು, ಅಲ್ವಾ?

ಅಂಕಿಯಿಂದ ಲಾಭ ಮಾತ್ರ ದೊಡ್ಡದು. ಉರಿಯೂತ ಶುರುವಾಗಿ ಆರೆಂಟು ತಾಸಿಗೆ ಸಿಆರ್‌ಪಿ ಏರತೊಡಗುತ್ತದೆ, ಎರಡು ದಿನದ ಹೊತ್ತಿಗೆ ತುದಿ ಮುಟ್ಟುತ್ತದೆ. ಕಾರಣ ಹೋದರೆ ಸುಮಾರು 19 ತಾಸಿಗೆ ಅರ್ಧಕ್ಕೆ ಇಳಿಯುತ್ತದೆ. ಹಳೆಯ ಇಎಸ್ಆರ್ (ಕೆಂಪು ರಕ್ತಕಣಗಳು ತಳಕ್ಕಿಳಿಯುವ ವೇಗ ನೋಡಿ ಉರಿಯೂತ ಅಳೆಯುವ ಪರೀಕ್ಷೆ) ಇಷ್ಟು ಬೇಗ ಇಳಿಯುವುದಿಲ್ಲ. ಅದಕ್ಕೇ ಒಂದೇ ಸಲದ ಅಂಕಿಗಿಂತ ಏರಿಳಿತ ಜಾಸ್ತಿ ಹೇಳುತ್ತದೆ.

ವಿಜಯಪುರದ ಡಾಕ್ಟರು ಚೀಟಿ ಪಕ್ಕಕ್ಕಿಟ್ಟು ಕಾಕಾನ ಅಂಗಾಲು ಒತ್ತಿ ನೋಡಿದರು. ಒಳಗೆ ಮುರಿದುಕೊಂಡಿದ್ದ ಮುಳ್ಳಿನ ತುದಿ ತೆಗೆದು ಕೀವು ಹೊರಹಾಕಿದರು. ಎರಡು ದಿನ ಬಿಟ್ಟು ಅದೇ ಲ್ಯಾಬ್‌ನಲ್ಲಿ ಮತ್ತೆ ರಕ್ತ ಕೊಟ್ಟೆವು. ಈ ಸಲ ಕಾಕು ಮೊದಲು ಯೂನಿಟ್ ಕೇಳಿದರು, ಆಮೇಲೆ ಅಂಕಿ. ಎಂಜಿ/ಎಲ್, 17.